ನಾಲ್ಕು ಮನೆಯ ಮುದ್ದೆ, ಒಬ್ಬ ಸೂರ್ಯ

"ಏನಯ್ಯಾ ಸಾಬಿ, ಪಾಠ ಹೇಳ್ಕೊಡು ಅಂತ ಕಳ್ಸಿದ್ರೆ ಊರಿನ ಜಾತಿ ಕಲಸ್ತಾ ಕೂತಿದೀಯಾ? ಮುದ್ದೆ ಕಟ್ಟೋಕೆ ನಿನ್ನ ಕರ್ಸಿದ್ದಾ?"

೧೯೪೧ರ ಒಂದು ಬೆಳಗ್ಗೆ, ಕ್ಯಾಲನೂರಿನಾಚೆಯ ನಮ್ಮ ಹಳ್ಳಿಯ ಶಾಲೆಯ ಜಗಲಿಯಲ್ಲಿ, ನಲವತ್ತು ಮಕ್ಕಳ ಎದುರು ಈ ಮಾತು ಕೇಳಿಸಿಕೊಂಡವರು, ಕೋಲಾರ ಸೀಮೆಯ ಪ್ರಾಥಮಿಕ ಶಿಕ್ಷಣಕ್ಕೆ ಮೂವತ್ತು ವರ್ಷ ದುಡಿದು ಇದೀಗ ನಿವೃತ್ತರಾಗಿರುವ ಪೂಜ್ಯ ಗೌಸ್ ಮೊಹಿದ್ದೀನ್ ಮೇಷ್ಟ್ರು. ಅಂದವರು ನನ್ನ ತಂದೆ, ಈ ಅಭಿನಂದನ ಸಂಚಿಕೆಯ ಸಮಿತಿಯ ಅಧ್ಯಕ್ಷರಾದ ಶ್ರೀ ಕೋದಂಡರಾಮಪ್ಪನವರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನ ಕೈಲಿ ನೆನಪು ಬರೆಸುತ್ತಿರುವ ಸಮಿತಿ, ಇದನ್ನು ತಿದ್ದದೆ ಅಚ್ಚು ಹಾಕಲಿ.

ಸೂರ್ಯನೆಂದರೆ ಬೆಂಕಿಯುಂಡೆ ಎಂದು ನಮ್ಮ ಪುಸ್ತಕ ಹೇಳಿ ಸುಮ್ಮನಾಗುತ್ತಿತ್ತು. ಬೆಂಗಳೂರಿನಿಂದ ಇಂಗ್ಲಿಷ್ ಪತ್ರಿಕೆ ತರಿಸಿ ಓದುತ್ತಿದ್ದ ಮೇಷ್ಟ್ರು, ಅಲ್ಲಿ ಸೌದೆಯಂತೆ ಏನೂ ಉರಿಯುತ್ತಿಲ್ಲ, ಜಲಜನಕದ ನಾಲ್ಕು ಕಣಗಳು ಕೂಡಿ ಒಂದಾಗುತ್ತಿವೆ ಎಂದರು. ನಮಗೆ ತಿಳಿಯಲಿಲ್ಲ. ಆಗ ನನ್ನ, ಕದಿರೇಶನ, ಕೇರಿಯ ಆವಲಪ್ಪನ, ಶಕೀಲಾಳ ಬುತ್ತಿಯಿಂದ ಒಂದೊಂದು ಚೂರು ಮುದ್ದೆ ಕೇಳಿ ಪಡೆದು, ಅಂಗೈಯಲ್ಲಿ ಒತ್ತಿ ಒಂದೇ ಉಂಡೆ ಮಾಡಿದರು.

"ನಾಲ್ಕೂ ಸೇರ್ತು. ಆದ್ರೆ ತೂಕ ಚೂರು ಕಮ್ಮಿ ಆಯ್ತು. ಎಲ್ಲೋಯ್ತ್ರಪ್ಪಾ?"

"ನಿಮ್ ಕೈಗೇ ಅಂಟ್ಕೊಂಡೈತೆ ಮೇಷ್ಟ್ರೇ!" ಎಂದ ಆವಲಪ್ಪ.

"ಶಾಭಾಶ್ ಬೇಟಾ! ಸೂರ್ಯನಲ್ಲೂ ಹಂಗೇ, ಕೂಡೋವಾಗ ಚೂರು ಕಳೀತದೆ. ಆ ಚೂರೇ ಬಿಸಿಲು ಕಣೋ."

ನಾನು ನಗುತ್ತಾ ಆ ಉಂಡೆಯನ್ನು ಬಾಯಿಗೆ ಹಾಕಿಕೊಂಡೆ. ಮನೆಗೆ ಹೋಗಿ, ಯಾರ ಯಾರ ಮುದ್ದೆಯೆಂದೂ ಹೇಳಿ, ಸೂರ್ಯನನ್ನು ತಿಂದೆನೆಂದು ಕುಣಿದೆ. ಅಮ್ಮ ಅಳುತ್ತಲೇ ಗಂಜಲ ಕುಡಿಸಿದಳು. ಮಾರನೆಯ ದಿನ ಅಪ್ಪ ಶಾಲೆಗೆ ಬಂದು ಆ ಮಾತಾಡಿ, ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಅಲ್ಲಿಗೆ ನನ್ನ ಓದು ಮುಗಿಯಿತು.

ಅಂದಿನಿಂದ ನಿವೃತ್ತಿಯವರೆಗೆ ಎಂಟು ವರ್ಷ ಮೇಷ್ಟ್ರ ಜೊತೆ ಕೂತು ಉಂಡವರನ್ನು ನಾನು ಕಾಣೆ. ಜೊತೆಯ ಮೇಷ್ಟ್ರುಗಳು ಜಗಲಿಯಲ್ಲಿ, ಇವರು ಒಬ್ಬರೇ ಹಿತ್ತಲ ಹೊಂಗೆಯಡಿ. ಊರಲ್ಲಿ ನೀರು ಕೊಡುವವರೂ ಇರಲಿಲ್ಲ. ಆದರೂ ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ, ತಿಂಗಳಿಗೊಂದು ಪುಸ್ತಕವನ್ನು ಅವರು ನನಗಾಗಿ ಕಲ್ಲಿನಡಿ ಇಟ್ಟಿರುತ್ತಿದ್ದರು. ದಾರಿಯಲ್ಲಿ ಎದುರಾದಾಗ ನನ್ನನ್ನು ಕಣ್ಣೆತ್ತಿ ನೋಡಿದರೆ ಅಪ್ಪನಿಂದ ನನಗೆ ಏಟು ಬೀಳುತ್ತದೆಂದು, ನೋಡದೆ ನಡೆದುಬಿಡುತ್ತಿದ್ದರು. ಈ ನಾಲ್ಕು ಸಾಲು ಬರೆಯಲು ನನಗೆ ಬಂದದ್ದು ಆ ಕಲ್ಲಿನಡಿಯಿಂದ.

ಆ ಪಾಠವನ್ನು ಅವರು ಬಿಡಲಿಲ್ಲ. ಕಿಟಕಿಯಿಂದ ಒಮ್ಮೆ ಇಣುಕಿದ್ದೆ. ನಾಲ್ಕು ಚೂರನ್ನೂ ತಮ್ಮ ಡಬ್ಬಿಯಿಂದಲೇ ತೆಗೆದು ಒತ್ತುತ್ತಿದ್ದರು. ಯಾವ ಮಗುವಿನ ಬುತ್ತಿಯನ್ನೂ ಮುಟ್ಟಲಿಲ್ಲ.

ಪೂಜ್ಯರು ನೂರು ವರ್ಷ ಬಾಳಲಿ. ಇನ್ನೂ ಸಾವಿರ ಮಕ್ಕಳಿಗೆ ಸೂರ್ಯನನ್ನು ಕೈಗೆ ಕೊಡಲಿ. ಹೀಗೆ ಹಾರೈಸಲು ನನಗೆ ಹಕ್ಕಿದೆ. ಸಮಿತಿಗೆ ಇದೆಯೇ?

ಮೊನ್ನೆ ಬೀಳ್ಕೊಡುಗೆಯ ದಿನ ಊರೆಲ್ಲ ನೆರೆದಿತ್ತು. ಅಪ್ಪ ಹಾರ ಹಾಕಿ, ಹಲ್ಲು ಕಿರಿದು ಕೇಳಿದರು: "ಆ ಮುದ್ದೆ ವಿಷ್ಯ ಇನ್ನೂ ಮನಸ್ಸಲ್ಲಿಟ್ಕೊಂಡಿಲ್ಲ ತಾನೇ ಸಾಹೇಬ್ರೇ?"

ಮೇಷ್ಟ್ರು ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಖಾಲಿ ಬುತ್ತಿ ಡಬ್ಬಿ ಎತ್ತಿಕೊಂಡು, ಸುಡುಬಿಸಿಲಲ್ಲಿ ಕೋಲಾರದ ರಸ್ತೆ ಹಿಡಿದು ಹೊರಟುಹೋದರು.