ಹೊರಡುವ ಎರಡು ವಾರ ಮುಂಚೆ

ಬಸ್ ನಿಲ್ದಾಣದ ಎದುರಿಗಿದ್ದ ಹದಿನಾಲ್ಕು ಕೋಣೆಗಳ ವಸತಿಗೃಹದಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆಕೆಗಿಂತ ಹತ್ತು ವರ್ಷ ಹಿರಿಯರಾದ ವಸತಿಗೃಹದ ಯಜಮಾನರೂ ಹಾಗೇ ಕರೆಯುತ್ತಿದ್ದರು.

"ನಿಮಗೆ ನಾನು ಹೇಗ್ರೀ ದೊಡ್ಡಮ್ಮ ಆಗ್ತೀನಿ?" ಎಂದು ಆಕೆ ರೇಗಿದರೆ, "ಅಡುಗೆಮನೆ ಬೀಗದ ಕೈ ನಿಮ್ಮ ಸೊಂಟದಲ್ಲಿದೆ. ಇನ್ಯಾರು ಇಲ್ಲಿ ದೊಡ್ಡೋರು?" ಎಂದು ನಗುತ್ತಿದ್ದರು.

ಬೆಟ್ಟದ ಕಡೆ ಹೋಗುವ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಡುತ್ತಿತ್ತು. ತಂಗಿದವರಿಗೆಲ್ಲ ಬಿಸಿಬಿಸಿ ತಿಂಡಿ ಕೊಟ್ಟಾದ ಮೇಲೆ ದೊಡ್ಡಮ್ಮ ಮಣೆಯ ಮೇಲೆ ಹಣ್ಣು ಹೆಚ್ಚಿ, ಒಬ್ಬೊಬ್ಬರಿಗೂ ಒಂದೊಂದು ಡಬ್ಬಿ ತುಂಬಿಕೊಡುತ್ತಿದ್ದಳು. ಅದನ್ನು ಯಾರೂ ಕೇಳುತ್ತಿರಲಿಲ್ಲ, ಆಕೆಯೇ ರೂಢಿ ಮಾಡಿಕೊಂಡದ್ದು. ಬಾಗಿಲವರೆಗೆ ಬಂದು, "ದಾರೀಲಿ ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೋಬೇಡಿ. ಹಸಿವಾದ್ರೆ ಇದನ್ನ ತಿನ್ನಿ" ಎಂದು ಹೇಳಿ ಕಳಿಸುತ್ತಿದ್ದಳು. ಮಕ್ಕಳಿಲ್ಲದ ಆಕೆಗೆ ದಿನವೂ ಯಾರನ್ನಾದರೂ ಕಳಿಸಿಕೊಡುವುದು ಒಂದು ಸುಖವಾಗಿತ್ತು.

ಆ ಬೇಸಿಗೆಯಲ್ಲಿ ಆರೋಗ್ಯ ಕಚೇರಿಯ ಸಿಸ್ಟರ್ ಒಬ್ಬರು ಒಂದು ನೋಟುಬುಕ್ಕು ಹಿಡಿದು ಬಂದರು. ತಿಂಗಳ ಹಿಂದೆ ಇಲ್ಲಿ ಉಳಿದುಹೋದ ಆರು ಜನ ಶಾಲಾ ಶಿಕ್ಷಕರಲ್ಲಿ ಮೂವರಿಗೆ ಟೈಫಾಯಿಡ್ ಆಗಿತ್ತು. ಪ್ರವಾಸಕ್ಕೆ ಹೊರಡುವ ಮುಂಚೆ ಆರರಲ್ಲಿ ನಾಲ್ವರು ಅದರ ಲಸಿಕೆ ಹಾಕಿಸಿಕೊಂಡಿದ್ದರು. ಅವರಲ್ಲಿ ಮೂವರಿಗೆ ಏನೂ ಆಗಿರಲಿಲ್ಲ, ಒಬ್ಬರಿಗೆ ಜ್ವರ ಬಂದು ಬೇಗ ಇಳಿದಿತ್ತು. ಹಾಕಿಸಿಕೊಳ್ಳದ ಇಬ್ಬರೂ ಆಸ್ಪತ್ರೆಯಲ್ಲಿ ಮಲಗಿದ್ದರು.

ಸಿಸ್ಟರ್ ನೀರಿನ ತೊಟ್ಟಿ ನೋಡಿದರು, ಹಾಲು ಎಲ್ಲಿಂದ ಬರುತ್ತದೆಂದು ಕೇಳಿದರು. ಕೊನೆಗೆ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಕೇಳಿದರು: "ದೊಡ್ಡಮ್ಮ, ನಿಮಗೆ ಯಾವಾಗಾದ್ರೂ ಟೈಫಾಯಿಡ್ ಬಂದಿತ್ತಾ?"

"ಬಂದಿತ್ತಮ್ಮ, ಹನ್ನೊಂದು ವರ್ಷ ಆಯ್ತು. ಇಪ್ಪತ್ತೊಂದು ದಿನ ಹಾಸಿಗೆ ಹಿಡಿದಿದ್ದೆ. ಆಮೇಲೆ ಒಂದು ನೆಗಡಿನೂ ಕಂಡಿಲ್ಲ ನಾನು."

ಆಕೆಯ ಮಲದ ಪರೀಕ್ಷೆಯಾಯಿತು. ವಾರದ ನಂತರ ಸಿಸ್ಟರ್ ಮತ್ತೆ ಬಂದು ಅದೇ ಮೆಟ್ಟಿಲ ಮೇಲೆ ಕೂತರು. ಈ ಸಲ ನೋಟುಬುಕ್ಕು ತೆರೆಯಲಿಲ್ಲ.

"ಜ್ವರ ಅವತ್ತೇ ಹೋಯ್ತು. ಆದ್ರೆ ಆ ರೋಗಾಣು ಹೋಗಿಲ್ಲ. ನಿಮ್ಮ ಪಿತ್ತಕೋಶದಲ್ಲಿ ಮನೆ ಮಾಡ್ಕೊಂಡು ಕೂತಿದೆ. ನಿಮಗೇನೂ ತೊಂದರೆ ಕೊಡಲ್ಲ. ಆದ್ರೆ ಕೈಯಿಂದ ಊಟಕ್ಕೆ, ಊಟದಿಂದ ಬೇರೆಯವರಿಗೆ ಹೋಗತ್ತೆ."

"ನನ್ನ ಅಡುಗೆಯಿಂದಲಾ?"

"ಒಲೆ ಮೇಲೆ ಕುದಿದದ್ದರಿಂದ ಅಲ್ಲ, ಬಿಸಿಗೆ ಅದು ಸಾಯತ್ತೆ. ಹೆಚ್ಚಿಟ್ಟ ಹಣ್ಣಿನಿಂದ."

ದೊಡ್ಡಮ್ಮ ಎರಡೂ ಅಂಗೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನಾನು ಅವರಿಗೆ ವಿಷ ಹಾಕಿದೆನಾ ಸಿಸ್ಟರ್?"

"ಗೊತ್ತಿದ್ದು ಹಾಕಿದ್ರೆ ಅದು ವಿಷ. ನಿಮಗೆ ಗೊತ್ತೇ ಇರಲಿಲ್ಲವಲ್ಲ." ಸಿಸ್ಟರ್ ಆಕೆಯ ಮೊಣಕಾಲ ಮೇಲೆ ಕೈಯಿಟ್ಟರು. "ಮಾತ್ರೆ ಇದೆ. ಒಂದು ತಿಂಗಳು ತಪ್ಪದೆ ತಗೋಬೇಕು. ಪರೀಕ್ಷೇಲಿ ಮೂರು ಸಲ ಏನೂ ಇಲ್ಲ ಅಂತ ಬರೋವರೆಗೂ ಅಡುಗೆಮನೆ ಬೇಡ."

"ಮಾತ್ರೆ ಯಾಕೆ, ನನಗೂ ಆ ಲಸಿಕೇನೇ ಚುಚ್ಚಿಬಿಡಿ."

"ನಿಮಗೆ ಅದರಿಂದ ಉಪಯೋಗ ಇಲ್ಲ. ಅದು ರೋಗ ಬರದ ಹಾಗೆ ತಡೆಯೋಕೆ. ನಿಮ್ಮ ಮನೆಯವರಿಗೆ ಬೇಕು."

ಮನೆಯವರು ಅಂದರೆ ದೊಡ್ಡಮ್ಮನ ಗಂಡ. ಪೇಟೆಬೀದಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಮಿತಭಾಷಿ. ಕೂದಲಿನಷ್ಟು ಸಣ್ಣ ತಂತಿಯನ್ನು ನಡುಗದೆ ಹಿಡಿಯುತ್ತಿದ್ದ ಆ ಮನುಷ್ಯ ಸೂಜಿ ಕಂಡೊಡನೆ ಬೆವೆತುಹೋದ. ಲಸಿಕೆ ಹಾಕಿಸಿಕೊಳ್ಳುವಾಗ ಹೆಂಡತಿಯ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಆಯ್ತಾ? ಆಯ್ತಾ?" ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದ. ಆಗಿ ಎಷ್ಟೋ ಹೊತ್ತಾಗಿತ್ತು. ಆ ದಿನಗಳಲ್ಲಿ ದೊಡ್ಡಮ್ಮ ನಕ್ಕದ್ದು ಅದೊಂದೇ ಸಲ.

ಕೈ ಚೆನ್ನಾಗಿ ತೊಳೆದುಕೊಂಡು ಮನೆಯಲ್ಲಿ ಬೇಯಿಸಬಹುದು ಎಂದು ಸಿಸ್ಟರ್ ಹೇಳಿದ್ದರೂ ಆಕೆ ಒಲೆಯ ಹತ್ತಿರ ಹೋಗಲಿಲ್ಲ. ಗಂಡನೇ ಅಡುಗೆಗೆ ನಿಂತ. ಉಪ್ಪನ್ನು ಚಿಮಟದಲ್ಲಿ ಎತ್ತಿ ಹಾಕುವವನಂತೆ ಹಾಕುತ್ತಿದ್ದ, ಯಾವುದಕ್ಕೂ ರುಚಿ ಹತ್ತುತ್ತಿರಲಿಲ್ಲ.

"ಇಷ್ಟು ವರ್ಷ ನನ್ನ ಕೈಯಿಂದ ತಿಂದ್ರಿ. ನಿಮಗೇನಾದ್ರೂ ಆಗಿದ್ದಿದ್ರೆ?" ಎಂದು ಒಂದು ಮಧ್ಯಾಹ್ನ ಆಕೆ ಕೇಳಿದಳು.

"ಆಗಲಿಲ್ಲವಲ್ಲ" ಎಂದ ಅವನು. ತಾನೇ ಮಾಡಿದ ಸಾರನ್ನು ತೋರಿಸಿ, "ಇದನ್ನ ತಿನ್ನೋಕೆ ಶುರು ಮಾಡಿದ ಮೇಲೇ ನನಗೆ ಹೊಟ್ಟೆ ಕೆಟ್ಟಿರೋದು" ಎಂದು ಸೇರಿಸಿದ.

ಮಾತ್ರೆಯೇನೋ ನುಂಗಬಹುದಿತ್ತು, ಎದೆಯ ಭಾರ ಇಳಿಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿದ್ದ ಇಬ್ಬರಲ್ಲಿ ಭೂಗೋಳದ ಮೇಡಂ ತುಂಬಾ ಸೋತುಹೋಗಿದ್ದಾರೆಂದು ಕೇಳಿದ್ದಳು. ಅವರು ಮನೆಗೆ ಬಂದರೆಂದು ತಿಳಿದ ದಿನ ವಸತಿಗೃಹದ ದಾಖಲೆ ಪುಸ್ತಕದಿಂದ ವಿಳಾಸ ಬರೆದುಕೊಂಡು, ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಹೋದಳು. ರೋಗಿಯ ಮನೆಗೆ ಬರಿಗೈಯಲ್ಲಿ ಹೋಗುವುದು ಆಕೆಗೆ ಜೀವಮಾನದಲ್ಲೇ ಮೊದಲು.

ಮೇಡಂ ಅವರ ತಾಯಿ ಬಾಗಿಲು ತೆರೆದರು.

"ನಾನು ಆ ಹಣ್ಣು ಹೆಚ್ಚಿಕೊಟ್ಟೋಳು" ಎಂದಳು ದೊಡ್ಡಮ್ಮ. ಬೇರೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿ ಏನೂ ಹೊಳೆದಿರಲಿಲ್ಲ.

ತಾಯಿಯ ಮುಖ ಬಿಗಿಯಿತು. ಬಾಗಿಲಿಗೆ ಅಡ್ಡವಾಗಿ ನಿಂತೇ ಇದ್ದರು. ಒಳಗಿನಿಂದ ಕ್ಷೀಣವಾದ ದನಿ ಬಂತು: "ಅಮ್ಮಾ, ಒಳಗೆ ಕರಿ."

ಮೇಡಂ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಕೆನ್ನೆ ಒಳಹೋಗಿತ್ತು. ದಿಂಬಿನ ಮೇಲೆಲ್ಲ ಉದುರಿದ ಕೂದಲು.

"ನಾನು ಏನೂ ತಂದಿಲ್ಲ. ತರೋ ಹಾಗೂ ಇಲ್ಲ" ಎಂದಳು ದೊಡ್ಡಮ್ಮ.

"ದಾರೀಲಿ ಸಿಕ್ಕಿದ್ದೆಲ್ಲ ತಿನ್ನಬೇಡಿ ಅಂದಿದ್ದು ನೀವೇ ಅಲ್ವಾ?" ಎಂದರು ಮೇಡಂ. ಆಕೆಯ ಕಣ್ಣು ತುಂಬಿದ್ದು ಕಂಡು ಗಾಬರಿಯಾಗಿ, "ಅಯ್ಯೋ, ನೋಯಿಸೋಕೆ ಹೇಳಿದ್ದಲ್ಲ. ಅಷ್ಟು ದೂರದ ಪ್ರಯಾಣದಲ್ಲಿ ನಮ್ಮನ್ನ ಹಾಗೆ ಕಾಳಜಿ ಮಾಡಿದೋರು ನೀವೊಬ್ಬರೇ. ನನ್ನದೂ ತಪ್ಪಿದೆ. ಹೊರಡೋ ಎರಡು ವಾರ ಮುಂಚೆ ಲಸಿಕೆ ಹಾಕಿಸ್ಕೊಳ್ಳಿ ಅಂತ ಡಾಕ್ಟ್ರು ಹೇಳಿದ್ರು. ನಾಲ್ಕು ದಿನದ ಪ್ರವಾಸಕ್ಕೆ ಅದೆಲ್ಲ ಯಾಕೆ ಅಂತ ನಾನೇ ಬಿಟ್ಟೆ" ಎಂದರು.

ಮೇಡಂ ಬೆರಳಿನಿಂದ ಗಂಟುಗಟ್ಟಿದ ಕೂದಲು ಬಿಡಿಸಲು ನೋಡಿ ಕೈ ಸೋತು ಬಿಟ್ಟರು.

"ನಾನು ಬಾಚಲಾ?" ದೊಡ್ಡಮ್ಮ ಮೆಲ್ಲಗೆ ಕೇಳಿದಳು.

ಬಚ್ಚಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು ಬಂದಳು. ಮಂಚದ ಅಂಚಿನಲ್ಲಿ ಕೂತು, ಬುಡ ಹಿಡಿದುಕೊಂಡು, ನೋವಾಗದಂತೆ ಒಂದೊಂದೇ ಗಂಟು ಬಿಡಿಸಿದಳು. ಅರ್ಧ ಬಾಚುವ ಹೊತ್ತಿಗೆ ಮೇಡಂ ನಿದ್ದೆಹೋಗಿದ್ದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಾಯಿ ಒಳಗೆ ಹೋಗಿ ಎರಡು ಲೋಟ ಚಹಾ ತಂದು, ಒಂದನ್ನು ಆಕೆಯ ಮುಂದಿಟ್ಟು, "ಜ್ವರ ಬಂದಾಗಿಂದ ಇವಳು ಹಗಲು ಹೀಗೆ ಮಲಗಿದ್ದೇ ಇಲ್ಲ" ಎಂದರು.

ಊರಿಗೆ ಮರಳಿದ ದೊಡ್ಡಮ್ಮ ಯಜಮಾನರಲ್ಲಿ ಒಂದು ಕೆಲಸ ಕೇಳಿದಳು. ಅಡುಗೆಗೆ ಹೊಸ ಹೆಂಗಸು ಬಂದಿದ್ದಳು. ಮುಂದಿನ ಮೇಜಿನ ಫೋನು ಎತ್ತುವವರು ಬೇಕಾಗಿತ್ತು. ಅಂದಿನಿಂದ ಕೋಣೆ ಬೇಕೆಂದು ಯಾರು ಕರೆ ಮಾಡಿದರೂ ಆಕೆಯ ಪ್ರಶ್ನೆಗೆ ಸಿಕ್ಕಿಬೀಳುತ್ತಿದ್ದರು.

"ಯಾವಾಗ ಹೊರಡ್ತೀರಿ? ಇನ್ನೂ ಇಪ್ಪತ್ತು ದಿನ ಇದೆಯಾ? ಹಾಗಾದ್ರೆ ನಾಳೇನೇ ಡಾಕ್ಟ್ರ ಹತ್ರ ಹೋಗಿ ಟೈಫಾಯಿಡ್ ಲಸಿಕೆ ಬಗ್ಗೆ ಕೇಳಿ. ಹಾಕಿಸ್ಕೊಂಡೆ ಅಂತ ಮೈಮರೀಬೇಡಿ ಮತ್ತೆ. ಕುದಿಸಿದ ನೀರೇ ಕುಡೀರಿ, ಬಿಸಿ ಇರೋದನ್ನೇ ತಿನ್ನಿ, ಹಣ್ಣಾದ್ರೆ ನೀವೇ ಸಿಪ್ಪೆ ಸುಲಿದುಕೊಳ್ಳಿ."

"ದೊಡ್ಡಮ್ಮ, ಬರೋರೆಲ್ಲ ಹೆದರಿ ಓಡಿಹೋಗ್ತಾರೆ" ಎಂದು ಯಜಮಾನರು ತಲೆಯ ಮೇಲೆ ಕೈ ಹೊತ್ತರು.

"ಓಡಿಹೋಗ್ಲಿ. ಓಡೋ ಶಕ್ತಿ ಇದೆ ಅಂತಾಯ್ತಲ್ಲ!"

ಯಾರೂ ಓಡಿಹೋಗಲಿಲ್ಲ. ಯಜಮಾನರೇ ಅಡುಗೆಮನೆಯ ಬಾಗಿಲಲ್ಲಿ ಹೊಸ ನಲ್ಲಿ ಹಾಕಿಸಿ, ಪಕ್ಕದಲ್ಲಿ ಸೋಪು ಇಡಿಸಿದರು.

ಮೊದಲ ತಿಂಗಳ ಮಾತ್ರೆಯಿಂದ ರೋಗಾಣು ಹೋಗಿರಲಿಲ್ಲ. ಆ ಸುದ್ದಿ ಬಂದ ದಿನ ದೊಡ್ಡಮ್ಮ ಫೋನು ಎತ್ತಲು ಹೋಗಲಿಲ್ಲ. ಗಂಡ ಅಂಗಡಿ ಮುಚ್ಚಿ ಬಂದು ಪಕ್ಕದಲ್ಲಿ ಕೂತ. ಬೇರೆ ಮಾತ್ರೆ, ಮತ್ತೊಂದು ತಿಂಗಳು, ಮತ್ತೆ ಕಾಯುವುದು. ಮೂರನೆಯ ಪರೀಕ್ಷೆಯೂ ಚೊಕ್ಕಟವಾಗಿ ಬರುವ ಹೊತ್ತಿಗೆ ವರ್ಷ ಕಳೆದಿತ್ತು. ಸಿಸ್ಟರ್ ಫೋನು ಮಾಡದೆ ತಾವೇ ಬಂದು ಹೇಳಿದರು.

ಆ ಸಂಜೆ ದೊಡ್ಡಮ್ಮ ಮನೆಯ ಒಲೆ ಹಚ್ಚಿದಳು. ಗಂಡ ಮೂರು ಸಲ ಬಡಿಸಿಕೊಂಡು ಉಂಡ.

ವಸತಿಗೃಹದ ಅಡುಗೆಯನ್ನು ಮಾತ್ರ ಆಕೆ ಪೂರ್ತಿ ವಾಪಸು ತೆಗೆದುಕೊಳ್ಳಲಿಲ್ಲ. ಹೊಸಬಳ ಹೊಟ್ಟೆಪಾಡು ಕಸಿಯಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಅವಳ ಜೊತೆ ಒಲೆಯ ಮುಂದೆ, ಹತ್ತರ ಮೇಲೆ ಫೋನಿನ ಮುಂದೆ, ಹೀಗೆ ಇನ್ನೂ ಒಂಬತ್ತು ವರ್ಷ ದುಡಿದಳು. ಭೂಗೋಳದ ಮೇಡಂ ತಿಂಗಳಿಗೊಮ್ಮೆ ಕರೆ ಮಾಡುತ್ತಿದ್ದರು. ಅವರಿಬ್ಬರೂ ಮಾತಿಗೆ ಕೂತರೆಂದರೆ ಕೋಣೆ ಕೇಳುವವರಿಗೆ ಅರ್ಧ ಗಂಟೆ ಲೈನೇ ಸಿಗುತ್ತಿರಲಿಲ್ಲ.