ತಾವು ಐತೆ, ಅಂಗಡಿ ಇಲ್ಲ

ಏಪ್ರಿಲ್ ೧೬, ಬುಧವಾರ, ಬೆಳಿಗ್ಗೆ ೧೧.೨೫. ನನ್ನ ಸಿಟ್ಟು ಶುರುವಾದದ್ದು ಆ ಹೊತ್ತಿಗೆ. ಇವತ್ತಿಗೆ ಹದಿನೇಳು ದಿನ ಕಳೆದವು, ಇನ್ನೂ ಇಳಿದಿಲ್ಲ.

ಅವತ್ತು ಆಂಡರ್ಸನ್‌ಪೇಟೆಯ ಚೌಕದಲ್ಲಿ ಇಪ್ಪತ್ತು ಅಡಿ ಅಗಲದ ಫ್ಲೆಕ್ಸ್ ಕಟ್ಟಿದರು. ಪೇಟೆಯ ನಡುಭಾಗವನ್ನು ಕೆಡವಿ ಹೊಸದಾಗಿ ಕಟ್ಟಿದರೆ ಹೇಗೆ ಕಾಣುತ್ತದೆ ಎಂದು ಜನಕ್ಕೆ ತೋರಿಸುವ ಚಿತ್ರ. ಸಾಲಾಗಿ ಒಂದೇ ಬಣ್ಣದ ಶಟರುಗಳು, ಕಲ್ಲು ಹಾಸಿದ ನೆಲ, ನಡುವೆ ಕಾರಂಜಿ, ಅದರ ಸುತ್ತ ಹುಲ್ಲು, ಬೆಂಚು. ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿದವಳು ನಾನು. ಕಟ್ಟುವುದನ್ನು ನೋಡಲೆಂದೇ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಮೊಬೈಲಿನಲ್ಲಿ ಒಂಬತ್ತು ಫೋಟೋ ತೆಗೆದುಕೊಂಡೆ. ಹತ್ತನೆಯದು ತೆಗೆಯುವಾಗ ಹಿಂದಿನಿಂದ ಸೊಪ್ಪು ಮಾರುವ ಅಕ್ಕ ಕೇಳಿದಳು:

"ಪಾಪಾ, ಇದ್ರಾಗೆ ನಾನೆಲ್ಲಿದೀನಿ?"

ನಮ್ಮ ಕಡೆ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು, ಪಾಪಾ ಎಂದು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ತಲೆ ಎತ್ತದೆ ತಮಿಳು ಬೆರೆಸಿ ಹೇಳಿದಳು: "ಅಯ್ಯೋ ಅಕ್ಕಾ, ನೀನು ಆ ಕಾರಂಜಿ ಪೈಪಲ್ಲಿ ತಣ್ಣಿ ಆಗ್ಬಿಟ್ಟಿದೀಯ, ನೀರು. ಪಾರು, ನೋಡು, ಮೇಲಕ್ಕೆ ಚಿಮ್ತಾ ಇದೀಯ!" ಸುತ್ತಲಿನವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. ಆಕೆ ಒರಗಿ ಕೂರುವ ಗೋಡೆಯ ಜಾಗದಲ್ಲಿ ನಾನು ಕಾರಂಜಿ ಇಟ್ಟಿದ್ದೆ.

ಇದು ಹೇಗಾಯಿತು ಎನ್ನುವುದನ್ನು ದಿನಚರಿ ನೋಡಿಕೊಂಡೇ ಬರೆಯುತ್ತಿದ್ದೇನೆ. ಹತ್ತನೆಯ ತರಗತಿಯಿಂದಲೂ ನಾನು ದಿನಚರಿ ಇಡುತ್ತೇನೆ. ಎಡಗಡೆ ತಾರೀಕು, ಹೊತ್ತು, ಬಲಗಡೆ ಎಣಿಕೆ. ಅಪ್ಪ ಹಾವೇರಿ ಕಡೆಯವರು, ಈ ಚಿನ್ನದ ಗಣಿಯ ಊರಿನ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ನಾನು ಹುಟ್ಟಿದ್ದು ಕ್ವಾರ್ಟರ್ಸಿನಲ್ಲಿ. ಮನೆಯಲ್ಲಿ ಹಾವೇರಿಯ ಕನ್ನಡ, ಗೆಳತಿಯರ ಜೊತೆ ತಮಿಳು, ಪರೀಕ್ಷೆಗೆ ಪುಸ್ತಕದ ಕನ್ನಡ. ಊರ ಸುತ್ತಲಿನ ಹಳ್ಳಿಗಳ ಕನ್ನಡ ಮಾತ್ರ ನನ್ನ ಕಿವಿಗೆ ಸರಿಯಾಗಿ ಬಿದ್ದದ್ದೇ ಇಲ್ಲ. ಬಸ್ಸಿನಲ್ಲಿ ಕೇಳಿದ್ದೆ, ಅಷ್ಟೇ. ಈಗ ಬಂಗಾರಪೇಟೆಯಲ್ಲಿ ಮೂರೇ ಜನರ ಒಂದು ವಿನ್ಯಾಸದ ಆಫೀಸಿನಲ್ಲಿ ಕೆಲಸ. ಕೋರಮಂಡಲ್ ಸ್ಟೇಷನ್‌ನಲ್ಲಿ ರೈಲು ಹತ್ತುತ್ತೇನೆ. ಇನ್ನೂ ಕಟ್ಟದ ಕಟ್ಟಡ ಕಟ್ಟಿದ ಮೇಲೆ ಹೇಗೆ ಕಾಣುತ್ತದೆಂದು ಥ್ರೀಡಿ ಚಿತ್ರ ಮಾಡುವುದು ನನ್ನ ಪಾಲಿನ ಕೆಲಸ.

ಫೆಬ್ರವರಿ ೧೮ರಿಂದ ೨೧ರವರೆಗೆ, ನಾಲ್ಕು ಬೆಳಿಗ್ಗೆ, ಚೌಕದಲ್ಲಿ ಯಾರು ಯಾರು ವ್ಯಾಪಾರ ಮಾಡುತ್ತಾರೆಂದು ಬರೆದುಕೊಳ್ಳಲು ನನ್ನನ್ನು ಕಳಿಸಿದರು. ಫಾರಂ, ಪೇಟೆಯನ್ನು ಹೊಸದಾಗಿ ಕಟ್ಟುವ ಯೋಜನೆಯ ಕಚೇರಿಯಿಂದ ಬಂದಿತ್ತು. ಮೂರನೆಯ ಪ್ರಶ್ನೆ: "ತಾವು ಅಂಗಡಿ ಹೊಂದಿದ್ದೀರಾ?" ಮುಂದೆ ಎರಡು ಚೌಕುಳಿ, ಇದೆ, ಇಲ್ಲ. ಕೊನೆಯಲ್ಲಿ ಸಹಿ ಅಥವಾ ಹೆಬ್ಬೆಟ್ಟು.

ಸೊಪ್ಪಿನ ಅಕ್ಕನನ್ನು ಕೇಳಿದ್ದು ೧೮ರಂದು, ೭.೧೦ಕ್ಕೆ. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯವಳು. ಮೊದಲ ಬಸ್ಸಿಗೆ ಎರಡು ಮೂಟೆ ಹಾಕಿಕೊಂಡು ಬಂದು, ಹಳೆಯ ಗೋಡೌನಿನ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ. ದಂಟು, ಸಬ್ಬಸಿಗೆ, ಹೊನಗೊನ್ನೆ ಕಟ್ಟು ಬಿಚ್ಚಿ ನೀರು ಚಿಮುಕಿಸುತ್ತಿದ್ದಳು. ನಾನು ಫಾರಂ ನೋಡಿಕೊಂಡು ಓದಿದೆ: "ತಾವು ಅಂಗಡಿ ಹೊಂದಿದ್ದೀರಾ?"

ಆಕೆ ಹೇಳಿದಳು: "ತಾವು ಐತೆ, ಅಂಗಡಿ ಇಲ್ಲ."

ನಾನು 'ಇಲ್ಲ' ಎಂಬ ಚೌಕುಳಿಗೆ ಗುರುತು ಹಾಕಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಆ ನಾಲ್ಕು ದಿನದಲ್ಲಿ ೧೧೨ ಜನರನ್ನು ಕೇಳಿದೆ. ಇದೆ, ೭೪. ಇಲ್ಲ, ೩೮. ಆ ಮೂವತ್ತೆಂಟರಲ್ಲಿ ಬಹಳ ಜನ ಅಕ್ಕನ ಹಾಗೆಯೇ ಉತ್ತರಿಸಿದ್ದರು. ೨೧ರ ದಿನಚರಿಯಲ್ಲಿ ನಾನು ಬರೆದಿರುವುದನ್ನು ಹಾಗೆಯೇ ಇಳಿಸುತ್ತೇನೆ, ಓದಿದಾಗಲೆಲ್ಲ ಆ ಹಾಳೆ ಹರಿದುಹಾಕಬೇಕೆನ್ನಿಸುತ್ತದೆ: "ನೆಲದ ಮೇಲೆ ಕೂತು ಮಾರುವವರು ತುಂಬ ಮರ್ಯಾದಸ್ಥರು. ಪ್ರಶ್ನೆಯ 'ತಾವು' ಎಂಬ ಗೌರವದ ಮಾತನ್ನು ತಿರುಗಿ ಹೇಳಿಯೇ ಉತ್ತರ ಕೊಡುತ್ತಾರೆ."

ಮಾರ್ಚ್ ೩ರಿಂದ ೨೬ರವರೆಗೆ ಚಿತ್ರ ಮಾಡಿದೆ. ಪಟ್ಟಿಯಲ್ಲಿ ೭೪ ಅಂಗಡಿ, ಆದ್ದರಿಂದ ೭೪ ಶಟರು. ಉಳಿದದ್ದು ಖಾಲಿ ಜಾಗ. ಆಫೀಸಿನ ಸರ್ ಹಿಂದೆ ನಿಂತು, "ಇಲ್ಲೊಂದು ಕಾರಂಜಿ ಇಡಮ್ಮ. ಕಣ್ಣಿಗೆ ತಂಪಾಗಿರಲಿ, ಗಲೀಜು ಕಾಣಬಾರದು" ಎಂದರು. ಇಟ್ಟೆ. ಚಿತ್ರದೊಳಗೆ ಓಡಾಡಿಸಲು ನಮ್ಮಲ್ಲಿ ರೆಡಿಮೇಡ್ ಜನ ಇರುತ್ತಾರೆ; ಬೇಕಾದವರನ್ನು ಆರಿಸಿ ಬೇಕಾದಲ್ಲಿ ನಿಲ್ಲಿಸುವುದು. ಬಲೂನು ಹಿಡಿದ ಮಗು, ಲ್ಯಾಪ್‌ಟಾಪ್ ಚೀಲದವನು, ನಾಯಿ ಹಿಡಿದು ನಡೆಯುವವಳು. ೬೩ ಜನರನ್ನು ಇಟ್ಟೆ. ಕೂತವರು ನಾಲ್ಕು ಜನ, ನಾಲ್ವರೂ ಬೆಂಚಿನ ಮೇಲೆ. ಆಂಡರ್ಸನ್‌ಪೇಟೆಯ ಚೌಕದಲ್ಲಿ ಹಗ್ಗ ಕಟ್ಟಿ ನಾಯಿ ನಡೆಸುವವರನ್ನು ನಾನು ಈವರೆಗೆ ನೋಡಿಲ್ಲ. ಆದರೂ ಅವಳಿಗೆ ನನ್ನ ಚಿತ್ರದಲ್ಲಿ ಜಾಗವಿತ್ತು. ನಾಯಿಗೂ ಇತ್ತು.

ಚಿತ್ರ ನನಗೆ ಇಷ್ಟವಾಗಿತ್ತು. ಇದನ್ನೂ ಬರೆಯಬೇಕು. ಅಮ್ಮನಿಗೆ ತೋರಿಸಿದ್ದೆ. "ನಮ್ಮ ಪ್ಯಾಟಿ ಇಷ್ಟು ಚಂದ ಆಗತೈತೇನ?" ಎಂದು ಅಮ್ಮ ಎರಡು ಸಲ ಕೇಳಿದ್ದಳು.

ಮತ್ತೆ ಏಪ್ರಿಲ್ ೧೬. ಅಕ್ಕ ಕೇಳಿದ್ದಕ್ಕೆ ನಾನು ಸಮಾಧಾನದ ದನಿಯಲ್ಲಿ, "ನೀವೇ ಅಂಗಡಿ ಇಲ್ಲ ಅಂದ್ರಲ್ಲ ಅಕ್ಕಾ" ಎಂದೆ.

"ಊಂ, ಅಂಗಡಿ ಇಲ್ಲ. ತಾವು ಐತೆ ಅಂತ ಏಳಿದ್ನಲ್ಲ ಪಾಪಾ, ಬರ್ಕಂಡಿಲ್ವಾ?"

"ತಾವು ಅಂದ್ರೆ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅಂಗೈಯಿಂದ ತಾನು ಕೂತ ನೆಲವನ್ನು ತಟ್ಟಿದಳು, ಒಂದು ಸಲ. "ತಾವು. ಇದು. ನಮ್ಮತ್ತೆ ಗಣಿ ನಡೀತಿದ್ದಾಗ ಕೂಕಂತಿದ್ದ ತಾವು. ಆಯಮ್ಮ ಓದ್ ಮ್ಯಾಕೆ ನಂದು."

ಹೂವಿನವಳು ದಾರ ಕಚ್ಚಿ ತುಂಡರಿಸಿದಳು. "ಇಷ್ಟು ಓದಿದೀಯ, ತಾವು ಗೊತ್ತಿಲ್ವಾ ಪಾಪಾ? ನಾನು ತಮಿಳ್ ಆಳು, ನಂಗೇ ಗೊತ್ತು."

ತಾವು ಎಂದರೆ ಸ್ಥಳ. ಆಮೇಲೆ ನೋಡಿದರೆ ನಿಘಂಟಿನಲ್ಲೂ ಇದೆ. ಸಂತೆಯ ಮಟ್ಟಿಗೆ ಬರೀ ಸ್ಥಳವೂ ಅಲ್ಲ, ಹಕ್ಕು. ಬಾಣಂತನಕ್ಕೆ ಹೋದವಳು ಮೂರು ತಿಂಗಳು ಬಿಟ್ಟು ಬಂದರೂ ಅವಳು ಮಡಚಿ ಕಲ್ಲು ಹೇರಿಟ್ಟ ಗೋಣಿಚೀಲ ಅಲ್ಲಿಯೇ ಇರುತ್ತದೆ, ಇನ್ನೊಬ್ಬರು ಅಲ್ಲಿ ಕೂರುವುದಿಲ್ಲ. ಶಟರು ಇದ್ದರೆ ಮಾತ್ರ ಅಂಗಡಿ. ಮೂವತ್ತೆಂಟು ಜನರಲ್ಲಿ ಬಹಳ ಮಂದಿ ತಮಗೆ ಏನಿದೆ ಎಂದು ನನಗೆ ಸರಿಯಾಗಿ, ಕನ್ನಡದಲ್ಲಿ, ಮುಖ ನೋಡಿ ಹೇಳಿದ್ದರು. ನಾನು 'ಇಲ್ಲ' ಎಂದು ಬರೆದುಕೊಂಡು, ಅದರ ಕೆಳಗೆ ಅವರದೇ ಹೆಬ್ಬೆಟ್ಟು ಒತ್ತಿಸಿದ್ದೆ.

೧೭ರಂದು ರಜೆ ಹಾಕಿದೆ. ೧೮ ಗುಡ್ ಫ್ರೈಡೇ, ಶಟರುಗಳು ಅರ್ಧಕ್ಕರ್ಧ ಮುಚ್ಚಿದ್ದವು, ನೆಲದವರು ಬಂದಿದ್ದರು. ಎರಡು ದಿನವೂ ಟೇಪು ಹಿಡಿದು, "ನಿಮ್ಮ ತಾವು ಎಲ್ಲಿಂದ ಎಲ್ಲಿವರೆಗೆ?" ಎಂದು ಕೇಳುತ್ತ ಅಳೆದೆ. ಯಾರೂ ತಡವರಿಸಲಿಲ್ಲ, ಪಕ್ಕದವರೊಂದಿಗೆ ಜಗಳವೂ ಆಗಲಿಲ್ಲ. ಒಬ್ಬ ಮುದುಕ ಮಾತ್ರ ನಿಂಬೆಹಣ್ಣಿನ ಬುಟ್ಟಿ ಸರಿಸುತ್ತ ರೇಗಿಸಿದ: "ಓದ್ಸಲ ಬಾಯ್ ಕೇಳ್ದೆ, ಈಸಲ ನೆಲ ಕೇಳ್ತಿದೀಯ. ನೆಲಾನೂ ಇಲ್ಲ ಅಂದ್ರೆ ಏನ್ ಮಾಡ್ತೀಯಮ್ಮ?" ಸೊಪ್ಪಿನ ಅಕ್ಕನ ತಾವು ಮೂರೂವರೆ ಅಡಿ ಉದ್ದ, ಮೂರು ಅಡಿ ಅಗಲ. ಮೂವತ್ತೆಂಟೂ ಸೇರಿ ೪೧೨ ಚದರ ಅಡಿ. ನಾನು ಬರೆದ ಕಾರಂಜಿ ಮತ್ತು ಅದರ ಸುತ್ತಲಿನ ಹುಲ್ಲು, ೯೬೦.

ಈ ಲೆಕ್ಕವೇ ನನ್ನನ್ನು ಹೆಚ್ಚು ಸುಡುವುದು. ಜಾಗ ಸಾಲದೆ ಅವರನ್ನು ಬಿಟ್ಟಿದ್ದರೆ ಅದು ಬೇರೆ ಮಾತು. ಜಾಗವಿತ್ತು, ಹುಲ್ಲು ಬೆಳೆಸಿದೆವು. ಈ ಊರಿನಲ್ಲಿ, ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ, ಹುಲ್ಲು.

೧೮, ೧೯, ೨೦, ಮೂರು ದಿನ ಕೂತು ಚಿತ್ರವನ್ನು ತಿದ್ದಿದೆ. ೭೪ ಶಟರು ಹಾಗೇ ಇಟ್ಟೆ. ಕಾರಂಜಿ ಸಣ್ಣದು ಮಾಡಿದೆ, ಹುಲ್ಲು ತೆಗೆದೆ, ಹಳೆಯ ಗೋಡೆ ಉಳಿಸಿ ಉದ್ದಕ್ಕೂ ನೆರಳಿಗೆ ಮಾಡು ಇಳಿಸಿ ಅದರ ಕೆಳಗೆ ೩೮ ತಾವು ಗುರುತಿಸಿದೆ. ರೆಡಿಮೇಡ್ ಜನರಲ್ಲಿ ನೆಲದ ಮೇಲೆ ಕೂತ ಹೆಂಗಸನ್ನು ಹುಡುಕಿದೆ. ಒಬ್ಬಳೇ ಸಿಕ್ಕಳು, ಕಣ್ಣು ಮುಚ್ಚಿ ಯೋಗ ಮಾಡುತ್ತಿದ್ದಳು. ಕೊನೆಗೆ, ಅಳೆಯುವಾಗ ನಾನೇ ತೆಗೆದ ಫೋಟೋಗಳಿಂದ ಒಬ್ಬೊಬ್ಬರನ್ನೂ ಕತ್ತರಿಸಿ ಅವರವರ ತಾವಿನಲ್ಲಿ ಕೂರಿಸಿದೆ.

೨೧, ಸೋಮವಾರ, ೯.೫೦ಕ್ಕೆ ಸರ್‌ಗೆ ತೋರಿಸಿದೆ. ಅವರು ಚಿತ್ರವನ್ನು ಹಿಗ್ಗಿಸಿ ಮೂಲೆಮೂಲೆ ನೋಡಿದರು. "ಕೆಲಸ ಚೆನ್ನಾಗಿದೆ. ಆದರೆ ಇದರಲ್ಲಿ ಹೊಸದೇನಿದೆಯಮ್ಮ? ಈಗ ಇರೋದೇ ಇದೆಯಲ್ಲ."

"ಈಗ ಇರೋರು ಇರಬೇಕಲ್ವಾ ಸರ್?"

"ಪಟ್ಟಿ ಕೊಟ್ಟೋಳು ನೀನು. ಈಗ ನನ್ನ ಕೇಳಿದ್ರೆ?" ಎಂದರು. ನಾನು ಆ ಚಿತ್ರದ ಫೈಲು ಮುಚ್ಚಿದೆ. ಸಿಟ್ಟು ಇತ್ತು, ಅದರಲ್ಲಿ ಮುಕ್ಕಾಲು ಪಾಲು ನನ್ನ ಮೇಲೆಯೇ.

೨೩ರಂದು ಸೊಪ್ಪಿನ ಅಕ್ಕನನ್ನು ಕರೆದುಕೊಂಡು ಯೋಜನೆಯ ಕಚೇರಿಗೆ ಹೋದೆ. ಆಕೆ ಅವತ್ತು ಮೂಟೆಯನ್ನು ಹೂವಿನವಳಿಗೆ ಒಪ್ಪಿಸಿ ಬಂದಿದ್ದಳು. ಗುಮಾಸ್ತರು ನನ್ನ ಫಾರಂ ತೆಗೆದು ಮೇಜಿನ ಮೇಲಿಟ್ಟರು. "ಅಂಗಡಿ ಇಲ್ಲ ಅಂತ ಇವರೇ ಹೇಳಿದಾರೆ. ಹೆಬ್ಬೆಟ್ಟಿದೆ."

"ಬರ್ಕೊಂಡಿದ್ದು ತಪ್ಪು, ಸರ್. ಬರೆದೋಳು ನಾನೇ."

ಅವರು ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ನನ್ನ ಚಿತ್ರದ ಸಣ್ಣ ಪ್ರತಿ ಅಂಟಿಸಿತ್ತು. "ನಿಮ್ಮದೇ ಚಿತ್ರದಲ್ಲೂ ಇವರು ಇಲ್ವಲ್ಲಮ್ಮ. ಇಡೀ ಊರು ನೋಡಿದೆ, ಒಬ್ಬರೂ ತಕರಾರು ಕೊಟ್ಟಿಲ್ಲ."

ಇನ್ನೂ ಕಟ್ಟದ ಪೇಟೆಯ ಚಿತ್ರ, ಕೂತಿರುವವಳು ಕೂತಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿತ್ತು. ಅಕ್ಕ ಮೇಜಿಗೆ ಹತ್ತಿರ ಬಂದು ಹೇಳಿದಳು: "ಸಾಮಿ, ನಿಮ್ಮನೇಗೆ ದಂಟಿನ್ ಸೊಪ್ಪು ಯಾರ್ ತಾವ ತಗಂಡೋಯ್ತೀರಾ? ನನ್ ತಾವಾನೇ ಅಲ್ವಾ? ಓದ್ ಸೋಮಾರ ಎರಡ್ ಕಟ್ಟು ತಗಂಡ್ರಿ."

ಗುಮಾಸ್ತರ ಮುಖ ಕೆಂಪಾಯಿತು. "ನನಗೆ ಗೊತ್ತಮ್ಮ. ನನಗೆ ಗೊತ್ತಿದ್ರೆ ಆಗಲ್ಲ, ಕಾಗದ ಬೇಕು" ಎಂದರು. ಗೋಡೌನಿನ ಗೋಡೆಯ ಬಳಿ ಇವರೆಲ್ಲ ಬಹಳ ಹಿಂದಿನಿಂದ ಕೂರುತ್ತಿದ್ದರು ಎನ್ನುವುದಕ್ಕೆ ಏನಾದರೂ ಹಳೆಯ ದಾಖಲೆ ತಂದರೆ ಪಟ್ಟಿಯನ್ನು ಮತ್ತೆ ತೆರೆಯಬಹುದಂತೆ. ಮೇ ತಿಂಗಳ ಕೊನೆಯವರೆಗೆ ಸಮಯ. ಆಮೇಲೆ ಗೋಡೆ ಕೆಡವುತ್ತಾರೆ.

ನೆಲಕ್ಕೆ ರಸೀದಿ ಕೊಟ್ಟವರು ಯಾರೂ ಇಲ್ಲ. ವಾಪಸು ಬರುವಾಗ ಅಕ್ಕನನ್ನು ಕೇಳಿದೆ, ಹಳೆಯ ಫೋಟೋ ಏನಾದರೂ ಇದೆಯೇ ಎಂದು. "ಸೊಪ್ಪು ಮಾರೋಳ್ನ ಯಾರ್ ಪಾಪಾ ಪಟ ಇಡೀತಾರೆ?" ಎಂದಳು. ಸ್ವಲ್ಪ ದೂರ ನಡೆದ ಮೇಲೆ ತಾನೇ ಹೇಳಿದಳು: "ಮದ್ವೆ ಮೆರವಣಿಗೆ ಬತ್ತಿದ್ದು ನಮ್ ಮುಂದ್ಲಿಂದ್ಲೇ. ಅವ್ರು ಪಟ ಇಡ್ದಾಗ ನಾವು ಬೆನ್ನಿಂದೆ ಇದ್ದೇ ಇರ್ತೀವಿ."

ಆದ್ದರಿಂದ ಕೇಳುತ್ತಿದ್ದೇನೆ. ಆಂಡರ್ಸನ್‌ಪೇಟೆಯ ಚೌಕದಲ್ಲಿ, ಹಳೆಯ ಗೋಡೌನಿನ ಮುಂದೆ, ಮದುವೆಯ ಮೆರವಣಿಗೆ, ಶಾಲೆಯ ಪ್ರಭಾತಫೇರಿ, ಹೊಸ ಸ್ಕೂಟರ್, ಏನೇ ಇರಲಿ, ಫೋಟೋ ತೆಗೆಸಿಕೊಂಡವರು ಆಲ್ಬಂ ತೆಗೆದು ನೋಡಿ. ನಿಮ್ಮ ಮುಖ ಬಿಟ್ಟು ಹಿಂದೆ ನೋಡಿ. ಕೆಳಗೆ, ಎಡಬಲ ಮೂಲೆಯಲ್ಲಿ ಬುಟ್ಟಿ, ಗೋಣಿಚೀಲ, ಸೊಪ್ಪಿನ ಕಟ್ಟು, ಕೂತ ಹೆಂಗಸರು ಕಂಡರೆ ಆ ಫೋಟೋದ ಪ್ರತಿಯನ್ನು, ತೆಗೆಸಿದ ವರ್ಷ ಗೊತ್ತಿದ್ದರೆ ವರ್ಷವನ್ನೂ ಬರೆದು, ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮಸುಕಾಗಿದ್ದರೂ, ಅರ್ಧ ಮುಖವೇ ಇದ್ದರೂ ಕಳಿಸಿ. ಈವರೆಗೆ ನನಗೆ ಸಿಕ್ಕಿರುವುದು ಎರಡು. ಅವುಗಳಲ್ಲಿ ಗುರುತು ಹಿಡಿಯಲು ಆದದ್ದು ಐದು ಜನ, ಸೊಪ್ಪಿನ ಅಕ್ಕ ಅವರಲ್ಲಿಲ್ಲ. ಫೋಟೋ ಇಲ್ಲದಿದ್ದರೂ, ಆ ಗೋಡೆಯ ಬಳಿ ಯಾರು, ಯಾವಾಗಿನಿಂದ ಕೂರುತ್ತಿದ್ದರೆಂದು ನೆನಪಿರುವವರು ಬರೆದು ಸಹಿ ಹಾಕಿ ಕಳಿಸಿ. ಮೇ ೨೫ರೊಳಗೆ ತಲುಪಿದರೆ ಕಚೇರಿಗೆ ಕೊಡಲು ನನಗೆ ಐದಾರು ದಿನ ಸಿಗುತ್ತದೆ.