ಜಾಯಿಕಾಯಿ ತೇಯುವ ಸದ್ದು

ಈಗ ಅಂಗಡಿಯಲ್ಲಿ ನಿದ್ದೆಗೂ ಚಹಾ ಸಿಗುತ್ತದೆ. ಮೊನ್ನೆ ಪುತ್ತೂರಿನಿಂದ ಒಂದು ಡಬ್ಬಿ ತಂದು, ದಾರ ಕಟ್ಟಿದ ಪುಟ್ಟ ಚೀಲವನ್ನು ಬಿಸಿನೀರಿಗೆ ಇಳಿಬಿಟ್ಟೆ. ಯಾವುದೋ ಸೊಪ್ಪಿನ ಪರಿಮಳದ ಅಡಿಯಿಂದ ಮೆಲ್ಲಗೆ ಜಾಯಿಕಾಯಿಯ ವಾಸನೆ ಎದ್ದು ಬಂತು. ಲೋಟವನ್ನು ಅಲ್ಲೇ ಇಟ್ಟುಬಿಟ್ಟೆ. ಸಂಪಾಜೆಯಲ್ಲಿ ರಸ್ತೆಗೆ ಅಂಟಿಕೊಂಡಿದ್ದ ನಮ್ಮ ಮನೆ, ಘಾಟಿ ಏರುವ ಲಾರಿಗಳು ಗೇರು ಬದಲಿಸಿದಾಗಲೆಲ್ಲ ನಡುಗುತ್ತಿದ್ದ ಅದರ ಕಿಟಕಿ, ಒಳಗೆ ಕಲ್ಲಿನ ಮೇಲೆ ಜಾಯಿಕಾಯಿ ತೇಯುವ ಸರ್ ಸರ್ ಸದ್ದು, ಎಲ್ಲ ಒಟ್ಟಿಗೆ ಬಂದವು. ರಸ್ತೆ ಅಗಲ ಮಾಡುವಾಗ ಆ ಮನೆ ಹೋಯಿತು. ಈಗ ಬಸ್ಸಿನಲ್ಲಿ ಕೂತರೆ ಅಡುಗೆಮನೆಯ ಮೇಲೆಯೇ ಹಾದುಹೋಗುತ್ತೇನೆ.

ನಮ್ಮಲ್ಲಿ ರಾತ್ರಿ ಊಟವಾದ ಮೇಲೆ ಎಲ್ಲರಿಗೂ ಕಷಾಯ. ಹುರಿದ ಕೊತ್ತಂಬರಿ, ಜೀರಿಗೆ, ಬೆಲ್ಲ, ಹಾಲು. ಕುಡಿದ ಮೇಲೆ ಮಾತಾಡಬಾರದು, ಸೀದಾ ಹಾಸಿಗೆ. ಅದು ಅಜ್ಜಿಯ ಕಾನೂನು. ಮಾತಾಡಿದರೆ ನಿದ್ದೆ ಮುರಿಯುತ್ತದಂತೆ. ಜಾಯಿಕಾಯಿ ಮಾತ್ರ ಒಂದೇ ಲೋಟಕ್ಕೆ ಬೀಳುತ್ತಿತ್ತು, ಅಪ್ಪನ ತಂಗಿ ಸರಸತ್ತೆಯ ಲೋಟಕ್ಕೆ. ಮಂಡೆಕೋಲಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಪುತ್ತೂರಿನಲ್ಲಿ ಅವಳ ಗೆಳತಿಯದೊಂದು ಹೊಲಿಗೆ ಅಂಗಡಿಯಿತ್ತು. ಅಲ್ಲಿ ಕೆಲಸ ಮಾಡಿಕೊಂಡು ತನ್ನದೇ ಒಂದು ಕೋಣೆಯಲ್ಲಿ ಇರಬೇಕು ಎನ್ನುವುದೊಂದೇ ಅವಳ ಆಸೆ. ಹಗಲು ಯಾರೂ ಕೈಗೆ ಸಿಗುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಊಟಕ್ಕೆ ಕೂತಾಗ ಶುರುಮಾಡುತ್ತಿದ್ದಳು.

"ಅಮ್ಮ, ಪುತ್ತೂರಿದ್ದು ಎಂತ ಮಾಡುದು?"

ಅಜ್ಜಿ ತೇಯುವ ಕಲ್ಲು ಎಳೆದುಕೊಳ್ಳುತ್ತಿದ್ದಳು. "ನಾಳೆ ಮಾತಾಡುವ. ನಿನ್ನ ಮಂಡೆ ಬಿಸಿ ಉಂಟು. ಮೊದಲು ಇದು ಕುಡಿ."

ಅತ್ತೆಯ ದನಿ ಏರಿದ ದಿನ ತೇಯುವ ಸದ್ದೂ ಉದ್ದವಾಗುತ್ತಿತ್ತು. ಕೆಲಸದವರನ್ನು 'ನಾಳೆ ಎಂದವನ ಮನೆ ಹಾಳು' ಎಂದು ಗದರುತ್ತಿದ್ದ ಅಜ್ಜಿಗೆ ಮಗಳ ವಿಷಯದಲ್ಲಿ ಮಾತ್ರ ನಾಳೆಗಳಿಗೆ ಬರವಿರಲಿಲ್ಲ. ಅಜ್ಜಿ ಕೆಟ್ಟವಳಲ್ಲ, ಅದೇ ತೊಂದರೆ. ಲೋಟವನ್ನು ಸೆರಗಿನಲ್ಲಿ ಹಿಡಿದು, ಊದಿ ಆರಿಸಿ, ಮಗಳು ಕೊನೆಯ ಗುಟುಕು ಕುಡಿಯುವ ತನಕ ತಲೆ ಸವರುತ್ತ ಕೂರುತ್ತಿದ್ದಳು. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ನಾನು ಅತ್ತೆಯ ಪಕ್ಕದಲ್ಲಿ ಮಲಗುತ್ತಿದ್ದೆ. ಸುಳ್ಯ, ಪುತ್ತೂರಿನ ಕಡೆಗಿಳಿಯುವ ಕೊನೆಯ ಬಸ್ಸಿನ ಬೆಳಕು ಗೋಡೆಯ ಮೇಲೆ ಹರಿದುಹೋಗುವಾಗ ಅವಳ ಕಣ್ಣು ಮುಚ್ಚಿರುತ್ತಿತ್ತು.

ಪುತ್ತೂರಿಗೆ ಹೋಗದೆಯೇ ಅತ್ತೆ ಆ ಮನೆಯಲ್ಲಿ ತೀರಿಕೊಂಡಳು. ಅಜ್ಜಿಯನ್ನು ಬೈದು ಸಮಾಧಾನ ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಏಕೆಂದರೆ ಅಜ್ಜಿ ಅತ್ತೆಗಿಂತ ಎಷ್ಟೋ ವರ್ಷ ಮೊದಲೇ ತೀರಿಹೋಗಿದ್ದಳು. ಆಗ ನಾನು ಕಾಲೇಜಿನಲ್ಲಿದ್ದೆ. ಅಜ್ಜಿಯ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದು ನೆಂಟರೆಲ್ಲ ಹೊರಟ ಸಂಜೆ, "ಇನ್ನು ಯಾರ ಅಡ್ಡಿ ಅತ್ತೆ? ಬೆಳಿಗ್ಗೆ ಬಸ್ಸಿಗೆ ನಾನೂ ಬರ್ತೇನೆ, ಪುತ್ತೂರಿಗೆ ಹೋಗುವ" ಎಂದೆ. ಗೆಳತಿ ಇನ್ನೂ ಕರೆಯುತ್ತಲೇ ಇದ್ದಳು. ಅಪ್ಪನೂ ಬೇಡ ಎನ್ನಲಿಲ್ಲ. ಅತ್ತೆ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯಿಂದ ಆ ಸದ್ದು ಬಂತು, ಅಜ್ಜಿ ಇದ್ದಾಗಿನಷ್ಟೇ ಉದ್ದಕ್ಕೆ.

ಎರಡು ಲೋಟ ಹಿಡಿದು ಬಂದಳು.

"ನಾಳೆ ಮಾತಾಡುವ ಮಗಾ. ನಿನ್ನ ಮಂಡೆ ಬಿಸಿ ಉಂಟು. ಮೊದಲು ಇದು ಕುಡಿ."

ಊದಿ ಆರಿಸಿಯೇ ಕೊಟ್ಟಳು. ನಾನು ಕುಡಿದೆ. ಕುಡಿದ ಮೇಲೆ ಮಾತಾಡಬಾರದಲ್ಲ.